ತಂತಿಯ ಬಾಲ ಹಿಡಿದವನು

ಡೆಲ್ಬರ್ಟ್ ಸಾರೆಲಾ ಕೆಲಸ ಮಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ರಕ್ತನಾಳಗಳ ಚಿಕಿತ್ಸೆ ನಡೆಯುವ ಕ್ಯಾಥ್ ಲ್ಯಾಬಿಗೆ ಹೊಸದಾಗಿ ಬಂದ ನರ್ಸುಗಳು ಇದನ್ನು ನೋಡಿ ಬೆಚ್ಚುತ್ತಿದ್ದರು. ಮೇಜಿನ ಮೇಲೆ ರೋಗಿ ಮಲಗಿದ್ದಾನೆ. ಅವನ ತೊಡೆಸಂದಿನಿಂದ ಒಳಹೊಕ್ಕ ತಂತಿಯ ಮೊನೆ ಹೊಟ್ಟೆಯೊಳಗೆ ಎಲ್ಲೋ ಕೂತಿದೆ. ಆ ತಂತಿಯ ಇನ್ನೊಂದು ತುದಿ ಹಿಡಿದ ಎತ್ತರದ ಮನುಷ್ಯ ಚರ್ಚಿನಲ್ಲಿ ನಿಂತವನಂತೆ ರೆಪ್ಪೆ ಮುಚ್ಚಿದ್ದಾನೆ. ಆಗ ಹಳಬರು ಯಾರಾದರೂ ಅವರ ಕಿವಿಯಲ್ಲಿ ಹೇಳಬೇಕಾಗುತ್ತಿತ್ತು, ಹೆದರಬೇಡಿ, ಅವನು ಬೆರಳಿನಿಂದ ನೋಡುತ್ತಾನೆ ಎಂದು.

ಅಮೆರಿಕದ ಉತ್ತರ ಮಿನ್ನೆಸೋಟಾದ ಗಣಿ ಊರುಗಳ ನಡುವಿನ ಆ ಆಸ್ಪತ್ರೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಮಾತನ್ನು ಎಲ್ಲರೂ ನಂಬಿದ್ದರು. ನಂಬಲು ಕಾರಣವೂ ಇತ್ತು.

ಕಟ್ಟಿಕೊಂಡ ರಕ್ತನಾಳವನ್ನು ಹೊಟ್ಟೆ ಕೊಯ್ಯದೆ ಬಿಡಿಸಬೇಕಾದರೆ ತೊಡೆಸಂದಿನಲ್ಲಿ ಸೂಜಿ ಚುಚ್ಚಿ ಮೊದಲು ಒಂದು ಸಣ್ಣ ಉಕ್ಕಿನ ತಂತಿಯನ್ನು ಕಳಿಸುತ್ತಾರೆ. ದಾರಿ ಎಂದರೆ ಆ ತಂತಿಯೇ. ಅದರ ಮೇಲೆ ದಾರಕ್ಕೆ ಮಣಿ ಪೋಣಿಸಿದ ಹಾಗೆ ಕ್ಯಾಥೆಟರ್ ಎಂಬ ತೆಳು ಕೊಳವೆಯನ್ನು ಜಾರಿಸುತ್ತಾರೆ. ಒಂದು ಕೊಳವೆಯ ಕೆಲಸ ಮುಗಿದ ಮೇಲೆ ಅದನ್ನು ತೆಗೆದು ಬೇರೆಯದನ್ನು ಹಾಕಬೇಕು. ಕಷ್ಟ ಇರುವುದು ಆ ಬದಲಾವಣೆಯ ಹೊತ್ತಿನಲ್ಲಿ. ಹಳೆಯ ಕೊಳವೆ ಹೊರಬರುವಾಗ ತಂತಿಯೂ ಅದರ ಜೊತೆ ಬರಲು ನೋಡುತ್ತದೆ, ಹೊಸದು ಒಳಹೋಗುವಾಗ ಅದರ ಜೊತೆ ಮುಂದೆ ಹೋಗಲು ನೋಡುತ್ತದೆ. ಹಿಂದೆ ಬಂದರೆ ಅಷ್ಟು ಹೊತ್ತು ಹುಡುಕಿದ ದಾರಿ ಕೈತಪ್ಪುತ್ತದೆ. ಮುಂದೆ ಹೋದರೆ ಮೊನೆ ನಾಳವನ್ನು ಚುಚ್ಚಿಕೊಂಡು ಹೊರಬೀಳಬಹುದು. ಅದಕ್ಕಾಗಿ ಮೂರು ಮೀಟರ್ ಉದ್ದದ ತಂತಿ, ಅದನ್ನು ಹಿಡಿಯಲು ಇಬ್ಬರು. ವೈದ್ಯ ತೊಡೆಯ ಬಳಿ ನಿಂತು ಕೊಳವೆ ಎಳೆಯುತ್ತಾನೆ, ತಳ್ಳುತ್ತಾನೆ. ರೋಗಿಯ ಪಾದದ ಬಳಿ ನಿಂತ ಇನ್ನೊಬ್ಬ ತಂತಿಯ ಬಾಲ ಹಿಡಿದು ಅದು ಕದಲದಂತೆ ಕಾಯುತ್ತಾನೆ. ಆ ಇನ್ನೊಬ್ಬನೇ ಡೆಲ್ಬರ್ಟ್, ಎಲ್ಲರ ಬಾಯಲ್ಲಿ ಡೆಲ್.

ಅವನ ಅಪ್ಪ, ಅಜ್ಜ ಇಬ್ಬರೂ ಗಣಿಯವರು. ಡೆಲ್ ಕೂಡ ಶಾಲೆ ಮುಗಿಸಿ ಅಲ್ಲಿಗೇ ಹೋದ. ಎಂಬತ್ತರ ದಶಕದಲ್ಲಿ ಗಣಿಗಳು ಸಾಲಾಗಿ ಬಾಗಿಲು ಹಾಕಿದಾಗ ಡುಲೂತ್ ನಗರಕ್ಕೆ ಹೋಗಿ ಎಕ್ಸ್-ರೇ ತೆಗೆಯುವ ಕೆಲಸ ಕಲಿತು ಬಂದ. ಗಣಿಯಲ್ಲಿ ಅದಿರು ತುಂಬುವ ಲೋಡರ್ ಯಂತ್ರ ಓಡಿಸುತ್ತಿದ್ದ ಆ ದಪ್ಪ ಕೈಗಳಿಗೆ ಇಷ್ಟು ಸೂಕ್ಷ್ಮ ಇದೆಯೆಂದು ಮೊದಲು ಗುರುತಿಸಿದವನು ಆ ಲ್ಯಾಬಿನ ವೈದ್ಯ, ಡಾಕ್ಟರ್ ಹ್ಯಾಲೊರನ್. ಕೊಳವೆಯೊಳಗೆ ತಂತಿ ಎಲ್ಲಿ ಉಜ್ಜುತ್ತಿದೆ, ಎಲ್ಲಿ ಸಡಿಲವಾಗಿದೆ, ಮೊನೆ ಯಾವುದಕ್ಕೆ ತಾಗಿದೆ ಎಂಬುದನ್ನು ಡೆಲ್ ಬಾಲದ ತುದಿಯಿಂದಲೇ ಹೇಳುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ.

ಹೀಗೆ ಆ ಕೋಣೆಯಲ್ಲಿ ಒಂದು ಪದ್ಧತಿ ಬೆಳೆಯಿತು. ಕೊಳವೆ ಬದಲಿಸುವಾಗ ಡೆಲ್ ಬಿಟ್ಟು ಬೇರೆ ಯಾರೂ ಮಾತಾಡುವಂತಿರಲಿಲ್ಲ. ವೈದ್ಯ ಗೇಣುದ್ದ ತಳ್ಳಿ ನಿಲ್ಲುತ್ತಾನೆ, ಡೆಲ್ "ನಿಂತಿದೆ" ಅನ್ನುತ್ತಾನೆ. ಇನ್ನೊಂದು ಗೇಣು. "ನಿಂತಿದೆ." ಆ ಒಂದು ಪದದ ತಾಳಕ್ಕೆ ಹ್ಯಾಲೊರನ್ನನ ಕೈ ಎಷ್ಟು ಒಗ್ಗಿತ್ತೆಂದರೆ, ಬರಬರುತ್ತಾ ಅವನು ತಂತಿಯ ಮೊನೆಯನ್ನು ಪರದೆಯ ಮೇಲೆ ನೋಡುವುದನ್ನೇ ಬಿಟ್ಟ. ಬೇರೆ ಆಸ್ಪತ್ರೆಗಳಲ್ಲಿ ಎಕ್ಸ್-ರೇ ಚಿತ್ರದೊಳಗೆ ಮೊನೆ ಸದಾ ಕಾಣುವಂತೆ ಇಟ್ಟುಕೊಳ್ಳುತ್ತಾರೆ. ಇವನು ಮಾತ್ರ ಚಿತ್ರವನ್ನು ದೊಡ್ಡದು ಮಾಡಿಸಿ ನಾಳದ ಬಾಯಿಯನ್ನಷ್ಟೇ ನೋಡುತ್ತಿದ್ದ. ಮೊನೆ ಪರದೆಯ ಅಂಚಿನಾಚೆ, ಯಾರ ಕಣ್ಣಿಗೂ ಬೀಳದ ಕಡೆ ಇರುತ್ತಿತ್ತು.

ಬೆರಳುಗಳು ಮೊದಲು ಬೆಳ್ಳಗಾದದ್ದು ಯಾವಾಗ ಎಂದು ಡೆಲ್‌ಗೆ ಸರಿಯಾಗಿ ನೆನಪಿರಲಿಲ್ಲ. ಗಣಿಯ ಕೊರೆಯುವ ಯಂತ್ರ, ಅದಾದ ಮೇಲೆ ಪ್ರತಿ ಶನಿವಾರ ಸೌನಾದ, ಅಂದರೆ ಬಿಸಿ ಹಬೆಯ ಸ್ನಾನದ ಮನೆಯ, ಒಲೆಗೆ ಸೌದೆ ಸೀಳುವ ಮೋಟಾರು ಗರಗಸ. ಹಿಡಿದ ಯಂತ್ರ ನಡುಗುತ್ತಾ ನಡುಗುತ್ತಾ ಬೆರಳ ತುದಿಯ ರಕ್ತವನ್ನು ಒದ್ದೋಡಿಸುತ್ತದೆ. ಆ ಊರುಗಳಲ್ಲಿ ಅರ್ಧ ಗಂಡಸರಿಗೆ ಇದು ಇದೆ. ಚಳಿಗೆ ಬೆರಳು ಮೇಣದಂತಾಗುತ್ತದೆ, ಕಾಫಿ ಲೋಟ ಹಿಡಿದರೆ ಮತ್ತೆ ಸರಿಹೋಗುತ್ತದೆ. ಡೆಲ್‌ಗೂ ಸರಿಹೋಗುತ್ತಿತ್ತು. ಆ ಚಳಿಗಾಲದಿಂದ ಮಾತ್ರ ಪೂರ್ತಿ ಸರಿಹೋಗಲಿಲ್ಲ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ದಪ್ಪ ಬಟ್ಟೆ ಸುತ್ತಿದಂಥ ಒಂದು ದೂರ ಉಳಿದುಬಿಟ್ಟಿತು.

ಹೆಂಡತಿ ಕಾರ್ಲೀನ್‌ಗೆ ಅದು ಗೊತ್ತಾದದ್ದು ವಾಸನೆಯಿಂದ. ಸೌನಾ ಒಲೆಯ ಬಾಗಿಲನ್ನು ಬರಿಗೈಲಿ ಮುಚ್ಚಿ ಬಂದು ಊಟಕ್ಕೆ ಕೂತ ಗಂಡನ ತೋರುಬೆರಳು ಸುಟ್ಟು ಬೊಬ್ಬೆ ಎದ್ದಿತ್ತು. ಅವನಿಗೆ ತಿಳಿದಿರಲಿಲ್ಲ.

"ಹ್ಯಾಲೊರನ್‌ಗೆ ಹೇಳು," ಎಂದಳು ಅವಳು.

"ಹೇಳ್ತೀನಿ."

"ಯಾವಾಗ? ಕೈ ಬೂದಿಯಾದ ಮೇಲಾ?"

ಬೇಸಿಗೆ ಬರಲಿ, ಬಿಸಿಲಿಗೆ ಸರಿಹೋಗದಿದ್ದರೆ ಹೇಳುವೆ ಎಂದ. ಅವಳು ಬೊಬ್ಬೆಗೆ ಮುಲಾಮು ಹಚ್ಚಿದಳು. ಹೆಚ್ಚು ಒತ್ತಾಯಿಸಲಿಲ್ಲ. ಮೂವತ್ತು ವರ್ಷ ಆ ಮನೆಯಲ್ಲಿದ್ದವಳಿಗೆ ಒಂದು ವಿಷಯ ಗೊತ್ತಿತ್ತು. ಆಸ್ಪತ್ರೆಯಲ್ಲಿ ಆ ಪಾದದ ಬಳಿಯ ಜಾಗವೊಂದನ್ನು ಬಿಟ್ಟರೆ ಡೆಲ್‌ಗೆ ತಾನು ಯಾರೆಂದು ಹೇಳಿಕೊಳ್ಳಲು ಇನ್ನೊಂದು ಜಾಗವಿರಲಿಲ್ಲ.

ಎರಡನೆಯದಾಗಿ ಅದರ ಸುಳಿವು ಸಿಕ್ಕಿದ್ದು ಲೂಯಿ ಸ್ಟ್ರುಕೆಲ್‌ಗೆ. ಲೂಯಿ ಗಣಿಯಲ್ಲಿ ಭಾರಿ ಸಲಿಕೆಯಂತ್ರ ಓಡಿಸಿ ನಿವೃತ್ತನಾದವನು, ಡೆಲ್‌ನ ಬಾಲ್ಯದ ಗೆಳೆಯ. ಚಳಿಗಾಲದ ಭಾನುವಾರಗಳನ್ನು ಇಬ್ಬರೂ ಕೆರೆಯ ಹಿಮಗಡ್ಡೆಯ ಮೇಲೆ ಹಲಗೆಯ ಗುಡಿಸಲಿನಲ್ಲಿ ಮೀನು ಹಿಡಿಯುತ್ತಾ ಕಳೆಯುತ್ತಿದ್ದರು. ಗಡ್ಡೆಯಲ್ಲಿ ಎರಡು ತೂತು, ಎರಡು ದಾರ, ಲೂಯಿಯ ಹೆಂಡತಿ ಸುತ್ತಿಕೊಟ್ಟ ಅಕ್ರೋಟಿನ ಪೊತೀತ್ಸಾ ರೊಟ್ಟಿ. ಡೆಲ್ ಗಾಳದ ಕೋಲು ಬಳಸುವವನಲ್ಲ. ದಾರವನ್ನು ಬೆರಳಿಗೇ ಸುತ್ತಿಕೊಂಡು ಕೂರುತ್ತಿದ್ದ.

ಆ ಜನವರಿಯ ಒಂದು ಭಾನುವಾರ ಲೂಯಿ ಬಹಳ ಹೊತ್ತು ಗೆಳೆಯನ ದಾರವನ್ನೇ ನೋಡುತ್ತಿದ್ದ. ಆಮೇಲೆ ಬಗ್ಗಿ, ಕೇಳದೆಯೇ ಅದನ್ನು ಮೇಲೆಳೆದ. ಗಾಳ ಬರಿದಾಗಿತ್ತು.

"ಮೂರು ಮೀನು ಊಟ ಮುಗ್ಸಿ ಕೈ ತೊಳ್ಕೊಂಡು ಹೋದ್ವು ಕಣೋ. ನೀನು ಮಾಣಿ ಥರ ನಿಂತು ಬಡಿಸ್ತಾ ಇದೀಯ."

"ಕೈಗವಸು ಹಾಕಿದ್ನಲ್ಲ."

"ಯಾವ ಕೈಗವಸು?" ಎಂದ ಲೂಯಿ. ಡೆಲ್‌ನ ಕೈ ಬರಿದಾಗಿತ್ತು.

ಇಬ್ಬರೂ ನಕ್ಕರು. ಲೂಯಿ ಹೊಸ ಎರೆ ಸಿಕ್ಕಿಸಿ ದಾರವನ್ನು ಮತ್ತೆ ನೀರಿಗೆ ಬಿಟ್ಟ. ಆಮೇಲೆ ತನ್ನ ವಿಷಯ ತೆಗೆದ. ಬಿಪಿ ಇಳಿಯುತ್ತಿಲ್ಲ, ನಾಲ್ಕು ಬಗೆಯ ಮಾತ್ರೆ ನುಂಗಿದರೂ ಇಳಿಯುತ್ತಿಲ್ಲ. ಎಡಗಿಡ್ನಿಗೆ ಹೋಗುವ ನಾಳ ಸಣ್ಣಗಾಗಿದೆಯಂತೆ, ಹಾಗೇ ಬಿಟ್ಟರೆ ಕಿಡ್ನಿ ಒಣಗುತ್ತದಂತೆ. ಹ್ಯಾಲೊರನ್ ಸ್ಟೆಂಟ್ ಹಾಕುತ್ತೇನೆ ಅಂದಿದ್ದಾನೆ.

"ನಾನೊಂದೇ ಷರತ್ತು ಹಾಕ್ದೆ. ಬಾಲ ಹಿಡಿಯೋನು ಡೆಲ್ ಆದ್ರೆ ಮಲಗ್ತೀನಿ, ಇಲ್ದಿದ್ರೆ ಮನೇಲೇ ಸಾಯ್ತೀನಿ ಅಂದೆ."

ಡೆಲ್ ತೂತಿನ ಕಪ್ಪು ನೀರನ್ನು ನೋಡುತ್ತಿದ್ದ. ಲೂಯಿ, ಯಾಕೋ, ನನ್ನ ಹೊಟ್ಟೆ ಒಳಗೆ ನೋಡೋಕೆ ನಾಚಿಕೆನಾ ಎಂದು ಕೆಣಕಿದ.

"ಇರ್ತೀನಿ ಬಿಡು," ಎಂದ ಡೆಲ್.

ಅದೇ ವಾರ ಕಂಪನಿಯೊಂದರ ಪ್ರತಿನಿಧಿ, ಮಿನ್ನಿಯಾಪೊಲಿಸ್ ಕಡೆಯ ಒಬ್ಬ ಚುರುಕು ಹೆಂಗಸು, ಲ್ಯಾಬಿಗೆ ಹೊಸ ಸಾಧನವೊಂದನ್ನು ತಂದಳು. ಅಂಗೈಯಲ್ಲಿ ಅಡಗುವ ಪ್ಲಾಸ್ಟಿಕ್ ಹಿಡಿ. ಅದರ ಜೊತೆಗೆ ಬರುವ ಕ್ಯಾಥೆಟರಿಗೆ ಉದ್ದಕ್ಕೂ ಒಂದು ಸೀಳು. ಹಿಡಿಯನ್ನು ಸರಿಸಿದಂತೆ ಆ ಸೀಳು ಜಿಪ್ಪಿನ ಹಾಗೆ ತೆರೆದು ತಂತಿಯನ್ನು ಪಕ್ಕದಿಂದ ಹೊರಬಿಡುತ್ತಿತ್ತು, ಹಿಂದೆಯೇ ಮುಚ್ಚಿಕೊಳ್ಳುತ್ತಿತ್ತು. ತಂತಿ ತೊಡೆಯ ಬಳಿಯೇ ಹೊರಗೆ ಬರುವುದರಿಂದ ವೈದ್ಯ ಒಂದು ಕೈಯಲ್ಲಿ ತಂತಿಯನ್ನು ತಾನೇ ಒತ್ತಿಹಿಡಿದು ಇನ್ನೊಂದು ಕೈಯಲ್ಲಿ ಕೊಳವೆ ಬದಲಿಸಬಹುದು. ಮೂರು ಮೀಟರ್ ತಂತಿ ಬೇಡ, ಅದರ ಅರ್ಧ ಸಾಕು. ಪಾದದ ಬಳಿ ಯಾರೂ ನಿಲ್ಲಬೇಕಿಲ್ಲ.

"ಡೆಲ್, ನಿನ್ನ ಬಾಲ ಕತ್ತರಿಸೋಕೆ ಬಂದಿದ್ದಾಳೆ," ಎಂದಳು ಮಿಲ್ಕಾ ಪ್ರೆಬಿಲ್. ಅವಳು ಆ ಲ್ಯಾಬಿನ ಹಿರಿಯ ನರ್ಸು. ಯಾರನ್ನೂ ಬಿಡುವವಳಲ್ಲ.

ಒಬ್ಬ ರೋಗಿಯ ಮೇಲೆ ಅದನ್ನು ಬಳಸಿಯೂ ನೋಡಿದರು. ಡೆಲ್ ಖಾಲಿ ಕೈಗಳನ್ನು ಹಸಿರು ನಿಲುವಂಗಿಯ ಮುಂದೆ ಕಟ್ಟಿಕೊಂಡು ನಿಂತ. ಕೊಳವೆ ಹೊರಬಂತು, ಇನ್ನೊಂದು ಹೋಯಿತು, ತಂತಿ ಹ್ಯಾಲೊರನ್ನನ ಹೆಬ್ಬೆರಳ ಕೆಳಗೆ ಅಲುಗಾಡಲಿಲ್ಲ. ಪ್ರತಿನಿಧಿ ಪರದೆಯತ್ತ ನೋಡಿ ಒಂದು ಪ್ರಶ್ನೆ ಕೇಳಿದಳು.

"ತಂತಿಯ ಮೊನೆ ಚಿತ್ರದಲ್ಲಿ ಕಾಣ್ತಾ ಇಲ್ವಲ್ಲ ಡಾಕ್ಟ್ರೇ?"

"ನಮ್ಮಲ್ಲಿ ಅದು ಡೆಲ್ ಕೈಲಿರುತ್ತೆ," ಎಂದ ಹ್ಯಾಲೊರನ್.

ಅವನು ಅದನ್ನು ಹೆಮ್ಮೆಯಿಂದಲೇ ಹೇಳಿದ. ಕೋಣೆಯಲ್ಲಿದ್ದವರು ನಕ್ಕರು. ಪ್ರತಿನಿಧಿ ನಗಲಿಲ್ಲ. ಮೊನೆಯನ್ನು ಚಿತ್ರದಲ್ಲಿಡುವುದು ಒಳ್ಳೆಯದು ಎಂದು ಮೆಲ್ಲಗೆ ಇನ್ನೊಮ್ಮೆ ಹೇಳಿ, ಪೆಟ್ಟಿಗೆಯೊಂದನ್ನು ಬಿಟ್ಟುಹೋದಳು. ಸಾಧನ ಚೆನ್ನಾಗಿದೆ, ಡೆಲ್ ರಜೆಯ ಮೇಲಿದ್ದಾಗ ಬೇಕಾಗುತ್ತದೆ ಎಂದು ಹ್ಯಾಲೊರನ್ ಅದನ್ನು ಕಪಾಟಿನ ಮೇಲಿಡಿಸಿದ. ಡೆಲ್ ರಜೆ ಹಾಕುವವನಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಲ್ಲಿಂದ ಲೂಯಿಯ ಸರದಿ ಬರುವವರೆಗೆ ಡೆಲ್ ತನಗೇ ಒಂದಷ್ಟು ಪರೀಕ್ಷೆಗಳನ್ನು ಇಟ್ಟುಕೊಂಡ. ಲ್ಯಾಬ್ ಖಾಲಿಯಿದ್ದಾಗ ಬಿಸಾಡುವ ತಂತಿಯ ತುಂಡನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡುತ್ತಿದ್ದ. ಕೆಲವು ದಿನ ಗೊತ್ತಾಗುತ್ತಿತ್ತು. ಬಿಸಿನೀರಿನಲ್ಲಿ ಕೈ ಅದ್ದಿ ಬಂದ ದಿನ ಇನ್ನೂ ಚೆನ್ನಾಗಿ. ಒಮ್ಮೊಮ್ಮೆ ತಂತಿ ಬೆರಳಿಂದ ಜಾರಿ ನೆಲಕ್ಕೆ ಬಿದ್ದ ಸದ್ದಾದ ಮೇಲಷ್ಟೇ ಅದು ಕೈಯಲ್ಲಿಲ್ಲ ಎಂದು ತಿಳಿಯುತ್ತಿತ್ತು. ಅಂಥ ದಿನಗಳಲ್ಲೂ ಅವನು ಮೇಜಿನ ಬಳಿ ನಿಂತ, ಕಣ್ಣು ಮುಚ್ಚಿದ, ನಿಂತಿದೆ ಎಂದ. ಯಾರಿಗೂ ಏನೂ ಆಗಲಿಲ್ಲ. ಆಗದೆ ಇದ್ದದ್ದು ಅವನಿಗೆ ಧೈರ್ಯ ಕೊಟ್ಟಿತು. ನಿಂತಿದೆ ಎಂಬ ಪದ ಬೆರಳಿನಿಂದ ಬರುವುದನ್ನು ಬಿಟ್ಟು ಬಾಯಿಯಿಂದ ಬರತೊಡಗಿತ್ತು. ಹ್ಯಾಲೊರನ್ನನ ಕೈ ನಿಂತ ಕೂಡಲೇ ಅದು ತಾನಾಗಿಯೇ ಹೊರಬೀಳುತ್ತಿತ್ತು. ಆ ವ್ಯತ್ಯಾಸ ಡೆಲ್‌ಗೂ ಆಗ ಸ್ಪಷ್ಟವಿತ್ತೆಂದು ಹೇಳಲಾಗದು.

ಫೆಬ್ರವರಿಯ ಆ ಬೆಳಿಗ್ಗೆ ಹೊರಗೆ ಉಗುಳಿದರೆ ಹೆಪ್ಪುಗಟ್ಟುವ ಚಳಿ. ಲೂಯಿಯನ್ನು ಮಂಚದಿಂದ ಮೇಜಿಗೆ ಸರಿಸುವಾಗ ಅವನು ಸೂರಿನತ್ತ ನೋಡುತ್ತಾ ಮಿಲ್ಕಾಳಿಗೆ, ನನ್ನ ಕಾಲ್ಚೀಲ ತೆಗೀಬೇಡ, ಪಾದದ ಹತ್ರ ನಿಲ್ಲೋನು ಮೂರ್ಛೆ ಹೋಗ್ತಾನೆ ಎಂದ. ತೊಳೆದು ಬಂದ ಕಾಲು, ವಾಸನೆಯಿಲ್ಲ ಎಂದಳು ಅವಳು. ಡೆಲ್ ಅಷ್ಟರಲ್ಲಿ ಕೈ ತೊಳೆಯುವ ನಲ್ಲಿಯ ಕೆಳಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದ. ನೀರು ಬಿಸಿಯಿತ್ತು. ಬಿಸಿಯೆಂದು ಮಣಿಕಟ್ಟು ಹೇಳುತ್ತಿತ್ತು, ಬೆರಳು ಹೇಳುತ್ತಿರಲಿಲ್ಲ.

ಆಗ ಒಂದು ಮಾತು ಸಾಕಿತ್ತು. ಪೆಟ್ಟಿಗೆ ಕಪಾಟಿನ ಮೇಲೇ ಇತ್ತು. ಡೆಲ್ ಕೈಗವಸು ಹಾಕಿಕೊಂಡು ಪಾದದ ಬಳಿ ಬಂದು ನಿಂತ.

ಬಲತೊಡೆಯಿಂದ ತಂತಿ ಒಳಗೆ ಹೋಗಿ, ಮಹಾನಾಳ ಹತ್ತಿ, ಎಡಗಿಡ್ನಿಯ ಕಿರಿದಾದ ಬಾಯಿ ದಾಟಿ, ಅದರಾಚೆಯ ಸಣ್ಣ ಕವಲೊಂದರಲ್ಲಿ ಕೂತಿತು. ಅಲ್ಲಿಯವರೆಗೆ ಮೊನೆ ಪರದೆಯ ಮೇಲಿತ್ತು. ಆಮೇಲೆ ಹ್ಯಾಲೊರನ್ ಎಂದಿನಂತೆ ಚಿತ್ರ ದೊಡ್ಡದು ಮಾಡಲು ಹೇಳಿದ. ನಾಳದ ಬಾಯಿ ಪರದೆ ತುಂಬಾ ಹರಡಿತು, ಮೊನೆ ಅಂಚಿನಾಚೆ ಹೋಯಿತು. ಮೊದಲ ಕೊಳವೆ ತೆಗೆದು ಸ್ಟೆಂಟ್ ಕೂಡಿಸಲು ಬೇಕಾದ ದಪ್ಪ ಕೊಳವೆ ಹಾಕಬೇಕಿತ್ತು.

ಹಳೆಯದು ಹೊರಬಂತು. ಹೊಸದು ಹೋಗತೊಡಗಿತು. "ನಿಂತಿದೆ," ಎಂದ ಡೆಲ್. ಹ್ಯಾಲೊರನ್ ತಳ್ಳಿದ. "ನಿಂತಿದೆ." ಲೂಯಿ ಅರೆನಿದ್ದೆಯಲ್ಲಿ ಏನೋ ಗೊಣಗಿದ. ಬೆನ್ನಲ್ಲಿ ಚುಚ್ಚಿತು ಅಂದಂತಿತ್ತು, ಆದರೆ ಆ ಹೊತ್ತಿನಲ್ಲಿ ಡೆಲ್ ಒಬ್ಬನೇ ಮಾತಾಡುವ ಪದ್ಧತಿಯಾದ್ದರಿಂದ ಮಿಲ್ಕಾ ಅವನ ಭುಜ ತಟ್ಟಿ ಸುಮ್ಮನಿರಿಸಿದಳು. "ನಿಂತಿದೆ."

ಕೊಳವೆ ತಲುಪಬೇಕಾದಲ್ಲಿಗೆ ತಲುಪಿದಾಗ ಡೆಲ್ ಕಣ್ಣು ತೆರೆದ. ತಂತಿಯ ಬಾಲವನ್ನು ಅವನು ಯಾವಾಗಲೂ ನೀಲಿ ಹೊದಿಕೆಯ ಮಡಿಕೆಯೊಂದರ ಮೇಲೆ ಇಟ್ಟುಕೊಂಡು ಕೆಲಸ ಶುರುಮಾಡುತ್ತಿದ್ದ. ಈಗ ಬಾಲ ಆ ಮಡಿಕೆಯವರೆಗೆ ಬರುತ್ತಿರಲಿಲ್ಲ. ಅಂಗೈ ಅಗಲದಷ್ಟು ಮುಂದೆ ಹೋಗಿತ್ತು.

ಹೊರಗೆ ಅಂಗೈ ಅಗಲ ಎಂದರೆ ಒಳಗೂ ಅಷ್ಟೇ. ಆ ಸಣ್ಣ ಕವಲಿನಲ್ಲಿ ಅಷ್ಟು ಜಾಗವಿರಲಿಲ್ಲ.

ಡೆಲ್ ತಂತಿಯನ್ನು ಮಡಿಕೆಯವರೆಗೆ ಹಿಂದಕ್ಕೆಳೆದ. ಮೆಲ್ಲಗೆ, ಒಂದೇ ಉಸಿರಿನಲ್ಲಿ. ಯಾರೂ ನೋಡಲಿಲ್ಲ. ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಆಮೇಲೆ ಸ್ಟೆಂಟ್ ಕೂತಿತು, ನಾಳದ ಬಾಯಿ ಹೂವಿನ ಹಾಗೆ ತೆರೆದುಕೊಂಡಿತು. ಬಣ್ಣದ ದ್ರವ ಬಿಟ್ಟು ತೆಗೆದ ಕೊನೆಯ ಚಿತ್ರವೂ ಬಾಯಿಯದ್ದೇ. ಕಿಡ್ನಿಯ ಕೆಳಭಾಗ ಅದರಲ್ಲಿ ಪೂರ್ತಿ ಬಂದಿರಲಿಲ್ಲ. ಚೆನ್ನಾಗಿ ಆಯ್ತು ಎಂದು ಹ್ಯಾಲೊರನ್ ಕೈಗವಸು ಕಳಚಿದ. ತೊಡೆಯ ತೂತು ಮುಚ್ಚಿ ಲೂಯಿಯನ್ನು ಪಕ್ಕದ ವಾರ್ಡಿಗೆ ಕಳಿಸಿದರು.

ಡೆಲ್ ಊಟದ ಕೋಣೆಯಲ್ಲಿ ಕಾರ್ಲೀನ್ ಕಟ್ಟಿಕೊಟ್ಟ, ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪ್ಯಾಸ್ಟಿಯನ್ನು ಬಿಚ್ಚಿ ಮುಂದಿಟ್ಟುಕೊಂಡ. ತಿನ್ನಲಿಲ್ಲ. ತಂತಿ ಮುಂದೆ ಹೋದ ಮಾತ್ರಕ್ಕೆ ಚುಚ್ಚಿದೆ ಎಂದೇನೂ ಅಲ್ಲ, ಮೊನೆ ಮೃದುವಾಗಿರುತ್ತದೆ, ಮಡಿಚಿಕೊಂಡಿರಬಹುದು. ಹಾಗಾದದ್ದನ್ನು ಎಷ್ಟೋ ಸಲ ಕಂಡಿದ್ದ. ಚುಚ್ಚಿದ್ದರೂ ಸಣ್ಣ ತೂತು ತಾನಾಗಿ ಮುಚ್ಚುವುದೂ ಉಂಟು. ಇವೆಲ್ಲ ನಿಜವೇ. ಸುಮ್ಮನಿರಲು ಬೇಕಾದಷ್ಟು ನಿಜ ಅವನ ಬಳಿ ಇತ್ತು.

ಮಧ್ಯಾಹ್ನದ ಹೊತ್ತಿಗೆ ಅವನು ವಾರ್ಡಿಗೆ ಹೋದ. ಲೂಯಿಯ ಮುಖ ಬಿಳಿಚಿಕೊಂಡಿತ್ತು, ಹಣೆಯಲ್ಲಿ ತಣ್ಣಗಿನ ಬೆವರು. ಬೆನ್ನು ಹಿಡಿದಿದೆ ಕಣೋ ಎಂದ. ಹಾಳು ಮೇಜು ಹಲಗೆ ಥರ ಇದೆ, ಸಲಿಕೆಯಂತ್ರದ ಸೀಟೇ ವಾಸಿ. ಎಲ್ಲಿ ನೋವು ಎಂದು ಡೆಲ್ ಕೇಳಿದ. ಲೂಯಿ ಕೈಯನ್ನು ಎಡಗಡೆ ಪಕ್ಕೆಲುಬಿನ ಕೆಳಗೆ, ಹಿಂದಕ್ಕೆ ಒಯ್ದು ಇಟ್ಟ.

ಮಿಲ್ಕಾ ಬಿಪಿ ನೋಡಿದಳು, ಮತ್ತೆ ನೋಡಿದಳು. ನಾಲ್ಕು ಮಾತ್ರೆಗೂ ಇಳಿಯದ ಬಿಪಿ ಈಗ ಯಾರೂ ಕೇಳದೆಯೇ ಇಳಿಯುತ್ತಿತ್ತು. ಹ್ಯಾಲೊರನ್ ಓಡಿಬಂದ. ಇಂಥ ಚಿಕಿತ್ಸೆಯ ನಂತರ ಬಿಪಿ ಬಿದ್ದು ಬೆನ್ನು ನೋವು ಬಂದರೆ ವೈದ್ಯರಿಗೆ ಮೊದಲು ಬರುವ ಅನುಮಾನ ಒಂದೇ. ತೊಡೆಯ ತೂತಿನಿಂದ ಒಳಗಡೆ, ಬೆನ್ನಿನ ಕಡೆಗೆ ರಕ್ತ ಸೋರುತ್ತಿದೆ ಎಂದು. ಮಿಲ್ಕಾ ಎರಡೂ ಅಂಗೈ ಜೋಡಿಸಿ ಬಲತೊಡೆಯ ಮೇಲೆ ಮೈಭಾರ ಬಿಟ್ಟು ಒತ್ತಿದಳು. ರಕ್ತದ ಚೀಲ ತೂಗುಹಾಕಿದರು. ಸ್ಕ್ಯಾನ್ ಕೋಣೆಗೆ ಕರೆದೊಯ್ಯುವ ಸ್ಥಿತಿ ಇಲ್ಲ, ತೊಡೆ ತೆರೆದು ಹೊಲಿಯೋಣ ಎಂದು ಶಸ್ತ್ರವೈದ್ಯನಿಗೆ ಹೇಳಿಕಳಿಸಿದರು.

ಡೆಲ್ ಗೋಡೆಗೆ ಒರಗಿ ನಿಂತಿದ್ದ. ಎಲ್ಲರೂ ತಪ್ಪು ಕಡೆ ನೋಡುತ್ತಿದ್ದರು. ಅದು ಗೊತ್ತಿದ್ದವನು ಆ ಕೋಣೆಯಲ್ಲಿ ಒಬ್ಬನೇ. ರಕ್ತದ ಮೊದಲ ಚೀಲ ಅರ್ಧವಾಯಿತು. ಲೂಯಿ ಮಾತು ನಿಲ್ಲಿಸಿದ್ದ. ಮಿಲ್ಕಾ ತೊಡೆಯ ಮೇಲಿನ ಒತ್ತು ಬಿಡಲಿಲ್ಲ. ಎರಡನೇ ಚೀಲ ತಂದರು. ಶಸ್ತ್ರವೈದ್ಯ ಕೈ ತೊಳೆಯುತ್ತಿದ್ದಾನೆ ಎಂದು ಯಾರೋ ಬಂದು ಹೇಳಿದರು, ಮಂಚದ ಚಕ್ರದ ಬೀಗ ತೆಗೆದರು.

"ಡಾಕ್ಟ್ರೇ, ತೊಡೆ ಅಲ್ಲ," ಎಂದ ಡೆಲ್.

ಹ್ಯಾಲೊರನ್ ತಿರುಗಲಿಲ್ಲ.

"ತೊಡೆ ಅಲ್ಲ. ಎಡಗಿಡ್ನಿ. ಕೆಳಗಿನ ಕವಲು."

"ನಿಂಗೆ ಹೇಗೆ ಗೊತ್ತು?"

"ತಂತಿ ಮುಂದೆ ಹೋಗಿತ್ತು. ನಾನು ಹಿಂದಕ್ಕೆಳೆದೆ."

ಹ್ಯಾಲೊರನ್ ಈಗ ತಿರುಗಿದ. ಸಿಟ್ಟಿಗಿಂತ ಹೆಚ್ಚಾಗಿ ಅವನ ಮುಖದಲ್ಲಿದ್ದದ್ದು ಅರ್ಥವಾಗದ ಭಾವ, ಗೊತ್ತಿರುವ ಭಾಷೆಯಲ್ಲಿ ಯಾರೋ ಗೊತ್ತಿಲ್ಲದ ಮಾತಾಡಿದ ಹಾಗೆ.

"ನಿಂತಿದೆ ಅಂದೆಯಲ್ಲ."

"ಅಂದೆ."

"ಮತ್ತೆ?"

"ನಂಗೆ ಬೆರಳು ಗೊತ್ತಾಗಲ್ಲ ಡಾಕ್ಟ್ರೇ. ಚಳಿಗಾಲದಿಂದ."

ಮಂಚದ ದಿಕ್ಕು ಬದಲಾಯಿತು. ಶಸ್ತ್ರಚಿಕಿತ್ಸೆಯ ಕೋಣೆಯ ಬದಲು ಮತ್ತೆ ಕ್ಯಾಥ್ ಲ್ಯಾಬಿಗೆ.

ಡೆಲ್ ಎಂದಿನ ಅಭ್ಯಾಸದಿಂದ ಒಳಗೆ ಹೆಜ್ಜೆ ಇಟ್ಟ. ಮಿಲ್ಕಾ ಬಾಗಿಲಲ್ಲಿ ತಡೆದಳು. ಕೈಯಿಂದ ತಡೆಯಲಿಲ್ಲ, ಬಾಗಿಲಿಗೆ ಅಡ್ಡವಾಗಿ ನಿಂತಳು ಅಷ್ಟೇ. "ನೀನು ಗಾಜಿನ ಆಚೆ ನಿಲ್ಲು," ಎಂದಳು. ಅವಳು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವನು ಅದಕ್ಕೆ ಮೊದಲು ಕೇಳಿರಲಿಲ್ಲ.

ಗಾಜಿನ ಆಚೆಯಿಂದ ಅವನು ನೋಡಿದ. ಬಣ್ಣದ ದ್ರವ ಕಿಡ್ನಿಯ ಕೆಳಗಿನ ಕವಲಿನ ತುದಿಯಿಂದ ಹೊರಗೆ, ಇರಬಾರದ ಕಡೆಗೆ, ಹೊಗೆಯ ಹಾಗೆ ಹರಡಿತು. ಹ್ಯಾಲೊರನ್ ಕಪಾಟಿನತ್ತ ಕೈ ತೋರಿಸಿದ. ಪೆಟ್ಟಿಗೆ ಒಡೆದರು. ಪ್ಲಾಸ್ಟಿಕ್ ಹಿಡಿ ಅವನ ಬಲಗೈಯಲ್ಲಿ, ತಂತಿ ಎಡಗೈಯ ಬೆರಳುಗಳ ನಡುವೆ. ಪಾದದ ಬಳಿ ಯಾರೂ ಇರಲಿಲ್ಲ. ಚಿತ್ರವನ್ನು ಸಣ್ಣದು ಮಾಡಲಾಗಿತ್ತು, ಮೊನೆ ಪರದೆಯ ನಡುವಿನಲ್ಲೇ ಇತ್ತು. ಕೊಳವೆ ಹೋಯಿತು, ಬಂತು, ಇನ್ನೊಂದು ಹೋಯಿತು. ಹ್ಯಾಲೊರನ್ ಪ್ರತಿ ಗೇಣಿಗೂ ನಿಲ್ಲುತ್ತಿದ್ದ. ಬೇಕಿರಲಿಲ್ಲ, ಆದರೂ ನಿಲ್ಲುತ್ತಿದ್ದ. ಕೇಳಬೇಕಾದ ಪದ ಬರದೆ, ತಲೆ ಎತ್ತಿ ಪರದೆ ನೋಡಿ, ಮುಂದೆ ಹೋಗುತ್ತಿದ್ದ. ಕೊನೆಗೆ ಸಣ್ಣ ಲೋಹದ ಸುರುಳಿಗಳನ್ನು ಆ ಕವಲಿನಲ್ಲಿ ತುರುಕಿದರು. ಹೊಗೆ ನಿಂತಿತು.

ಲೂಯಿ ಬದುಕಿದ. ಕಿಡ್ನಿಯ ಕೆಳಗಿನ ಭಾಗ ಸತ್ತಿತು. ಕಳೆದುಕೊಂಡ ರಕ್ತದಿಂದ ಬಲಗಿಡ್ನಿಯೂ ಸೊರಗಿತ್ತು, ಅದು ಚೇತರಿಸಿಕೊಳ್ಳುವವರೆಗೆ ಡಯಾಲಿಸಿಸ್ ಎಂದರು. ಆಸ್ಪತ್ರೆ ವಿಚಾರಣೆ ನಡೆಸಿತು. ಡೆಲ್ ಅಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ಕೇಳದ್ದಕ್ಕೆ ಕೊಡಲಿಲ್ಲ. ಹ್ಯಾಲೊರನ್ ತಂತಿಯ ಮೊನೆಯನ್ನು ಪರದೆಯಿಂದ ಹೊರಗೆ ಬಿಟ್ಟದ್ದು ತನ್ನ ತಪ್ಪು ಎಂದು ಬರೆದುಕೊಟ್ಟ. ಅವನು ಇಂದಿಗೂ ಅಲ್ಲೇ ಕೆಲಸ ಮಾಡುತ್ತಾನೆ. ಡೆಲ್ ಸಮವಸ್ತ್ರ ಮರಳಿಸಿದ.

ಹಿಮ ಕರಗಲು ಶುರುವಾದಾಗ ಅವನು ಲೂಯಿಯನ್ನು ನೋಡಲು ಹೋದ. ಕಾರ್ಲೀನ್ ಕಾರಿನಲ್ಲೇ ಕೂತಿದ್ದಳು. ಡಯಾಲಿಸಿಸ್ ಕೋಣೆಯ ಉದ್ದನೆಯ ಕುರ್ಚಿಯಲ್ಲಿ ಲೂಯಿ ಒರಗಿದ್ದ, ತೋಳಿಗೆ ಎರಡು ಕೊಳವೆ. ಇಬ್ಬರೂ ಸ್ವಲ್ಪ ಹೊತ್ತು ಕೆರೆಯ ಗಡ್ಡೆ ಯಾವಾಗ ಒಡೆಯಬಹುದು ಎಂದು ಮಾತಾಡಿದರು. ಗುಡಿಸಲನ್ನು ದಡಕ್ಕೆ ಎಳೆಸಿದೆ ಎಂದು ಡೆಲ್ ಹೇಳಿದ. ಒಳ್ಳೇದಾಯ್ತು ಎಂದ ಲೂಯಿ.

ಆಮೇಲೆ ಯಂತ್ರದತ್ತ ನೋಡುತ್ತಾ, ದನಿ ಏರಿಸದೆ ಹೇಳಿದ: "ನೀನು ಹೇಳ್ದೆ, ಅದಕ್ಕೇ ನಾನು ಉಳ್ಕೊಂಡೆ ಅಂತ ಎಲ್ರೂ ಹೇಳ್ತಾರೆ. ಮಿಲ್ಕಾನೂ ಹೇಳಿದ್ಲು. ಯಾವಾಗ ಹೇಳ್ದೆ ಅಂತ ಮಾತ್ರ ಯಾರೂ ಹೇಳಲ್ಲ."

ಡೆಲ್ ನಿಂತೇ ಇದ್ದ.

"ನಂಗೆ ಆಗ ಎಲ್ಲಾ ಕೇಳಿಸ್ತಿತ್ತು ಕಣೋ. ಬಾಯಿ ಬರ್ತಿರ್ಲಿಲ್ಲ ಅಷ್ಟೇ. ನೀನು ಗೋಡೆ ಹತ್ರ ಇದ್ದದ್ದೂ ಕಾಣ್ತಿತ್ತು."

ಲೂಯಿಯ ಬಳಿ ಕೊಡಲು ಸಿಟ್ಟಿರಲಿಲ್ಲ, ಕ್ಷಮೆಯೂ ಇದ್ದಂತೆ ಕಾಣಲಿಲ್ಲ. ಅವನಿಗೆ ಬೇಕಾದದ್ದು ಒಂದು ಉತ್ತರವಷ್ಟೇ.

"ರಕ್ತದ ಎರಡನೇ ಚೀಲ ಬಂದ ಮೇಲೆ," ಎಂದ ಡೆಲ್.

ಲೂಯಿ ತಲೆಯಾಡಿಸಿದ. ಬಹಳ ಹೊತ್ತಿನ ಲೆಕ್ಕವೊಂದು ಸರಿಬಂದವನ ಹಾಗೆ ಕಣ್ಣು ಮುಚ್ಚಿದ. "ಹೋಗು," ಎಂದ. "ಕಾರ್ಲೀನ್ ಚಳೀಲಿ ಕೂತಿದ್ದಾಳೆ."